ಮಾವನವರ ಕರೆಂಟಿನ ತೊಟ್ಟಿಲು

ನಮ್ಮ ಮಾವನವರ ಬಲಗೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ತೋರುಬೆರಳು ಮತ್ತು ನಡುಬೆರಳಿನ ತುದಿ ಎಂದೋ ಸುಟ್ಟು, ಚರ್ಮ ಹಳೆಯ ಮೇಣದಂತೆ ಬೆಳ್ಳಗೆ ಬಿಗಿದುಕೊಂಡಿತ್ತು. ಊಟಕ್ಕೆ ಕೂತಾಗ ಆ ಎರಡನ್ನೂ ನೆಟ್ಟಗೆ ಚಾಚಿ, ಉಳಿದ ಬೆರಳುಗಳಿಂದಲೇ ಜೋಳದ ರೊಟ್ಟಿ ಮುರಿಯುತ್ತಿದ್ದರು. ಮದುವೆಯಾಗಿ ತೆಂಗಳಿಯಿಂದ ವಾಡಿಗೆ ಬಂದ ದಿನ ಬಾಗಿಲ ಸಂದಿನಿಂದ ನಾನು ಮೊದಲು ನೋಡಿದ್ದು ಆ ಕೈಯನ್ನು. ಮುಖ ನೋಡುವ ಧೈರ್ಯ ಬರಲಿಲ್ಲ.

ಸೊಸೆಯಾದವಳು ಮಾವನೆದುರು ಸೆರಗು ಹೊದ್ದು, ಗೋಡೆಗೆ ಸರಿದು, ತುಟಿ ಬಿಚ್ಚದೆ ನಿಲ್ಲುವ ಕಾಲ ಅದು. ಅವರೂ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎರಡು ಮಾರು ದೂರದಲ್ಲೇ ನಿಂತಿದ್ದರೂ ಅತ್ತೆಯ ಕಡೆ ನೋಡಿ, "ಒಂದ್ ತಂಬಿಗಿ ನೀರು ಕೊಡ್ಲಿ ಅಂತ ಹೇಳು" ಅನ್ನುತ್ತಿದ್ದರು. ಅತ್ತೆ ಅದನ್ನೇ ನನಗೆ ಮತ್ತೊಮ್ಮೆ ಹೇಳಿದ ಮೇಲೆ ನಾನು ಕದಲಬೇಕು. ನಗು ಬರುತ್ತಿತ್ತು, ಆದರೆ ನಗುವಂತಿರಲಿಲ್ಲ.

ಮಾವನವರು ಹಿಂದೆ ಚಿತ್ತಾಪುರದ ಕಡೆಯ ಒಂದು ಹತ್ತಿ ಬಿಡಿಸುವ ಜಿನ್ನಿನಲ್ಲಿ ವಾಯರಮನ್ ಆಗಿದ್ದವರು. ಜಿನ್ನು ಮುಚ್ಚಿದಾಗ ಅದರ ಹಳೆಯ ಎಣ್ಣೆ ಇಂಜಿನ್ನು, ಡೈನಮೋ, ಒಂದು ಮೋಟಾರು ಗುಜರಿಗೆ ಹೋಗುವುದರಲ್ಲಿದ್ದವು. ಅವನ್ನು ತಂದು ಮನೆಯ ಹಿತ್ತಲಲ್ಲಿ ಇಟ್ಟುಕೊಂಡಿದ್ದರು. ಅದೇ ವರ್ಷ ಸೊಲ್ಲಾಪುರದ ಕಡೆಯಿಂದ ಬಂದ ಆಟದ ಕಂಪನಿಯೊಂದು ಶಹಾಬಾದಿನಲ್ಲಿ ಒಡೆದುಹೋಗಿ, ಅವರ ತಿರುಗುವ ತೊಟ್ಟಿಲು ದಿಕ್ಕಿಲ್ಲದೆ ಬಿದ್ದಿತ್ತು. ನಡುವೆ ಕಬ್ಬಿಣದ ಕಂಬ, ಮೇಲೆ ತಗಡಿನ ಕೊಡೆ, ಕೊಡೆಯಿಂದ ಕಬ್ಬಿಣದ ಸರಳುಗಳಲ್ಲಿ ಇಳಿಬಿದ್ದ ಹನ್ನೆರಡು ಮರದ ಕುದುರೆಗಳು. ಇದಕ್ಕೆ ಅದನ್ನು ಕೂಡಿಸಿ ಮಾವನವರು ಒಂದು ಬದುಕು ಮಾಡಿಕೊಂಡರು. ಸುಗ್ಗಿ ಮುಗಿದ ಮೇಲೆ ಮುಂಗಾರು ಹಿಡಿಯುವವರೆಗೆ ಸೇಡಂ, ಸುಲೇಪೇಟ, ಚಿಂಚೋಳಿಯ ಸಂತೆಗಳು, ಚಿತ್ತಾಪುರದ ಉರುಸು, ಶಹಾಬಾದಿನ ಬಯಲು. ಮಂದಿ ಅದನ್ನು "ಕರೆಂಟಿನ ತೊಟ್ಲ" ಅನ್ನುತ್ತಿದ್ದರು. ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿತ್ತು. ಎಷ್ಟೋ ಊರುಗಳ ಮಂದಿ ಕರೆಂಟಿನ ಬೆಳಕು ನೋಡಿದ್ದೇ ನಮ್ಮ ತೊಟ್ಟಿಲ ಕೊಡೆಯ ಸುತ್ತ ಉರಿಯುವ ಬಲ್ಬುಗಳಲ್ಲಿ. ನಾನೂ ಅಂಥ ಊರಿನವಳೇ.

ಹೊರಗಿನಿಂದ ನೋಡುವವರಿಗೆ ಅದು ಹಬ್ಬ. ಒಳಗಿನ ನಮಗೆ ಪ್ರತಿದಿನವೂ ಪರೀಕ್ಷೆ. ತೊಟ್ಟಿಲು ತಿರುಗುವ ದಿನ ಮಾವನವರು ಏನೂ ತಿನ್ನುತ್ತಿರಲಿಲ್ಲ. ಇಂಜಿನ್ನು ಆರಿ ತಣ್ಣಗಾದ ಮೇಲೆಯೇ ಊಟ. ಬೆಳಿಗ್ಗೆ ಎದ್ದವರೇ ಆಕಾಶ ನೋಡುವರು, ಆಮೇಲೆ ನೆಲ ಮುಟ್ಟಿ ನೋಡುವರು. ಮೊದಲ ಸುತ್ತಿಗೆ ಯಾರನ್ನೂ ಹತ್ತಿಸುತ್ತಿರಲಿಲ್ಲ, ಖಾಲಿ ಕುದುರೆಗಳು ತಿರುಗಬೇಕು. ಎರಡನೆಯ ಸುತ್ತಿಗೆ ಇಂಜಿನ್ ನೋಡುವ ಚಾಚಾನ ಕೈಗೆ ಸ್ವಿಚ್ಚುಗಳ ಬೋರ್ಡು ಬಿಟ್ಟು ತಾವೇ ಒಂದು ಕುದುರೆಯ ಮೇಲೆ ಕೂರುವರು. ರುಮಾಲು ಸುತ್ತಿದ, ಮೀಸೆ ನರೆತ ದೊಡ್ಡ ಮನುಷ್ಯ ಬಣ್ಣದ ಕುದುರೆಯ ಮೇಲೆ ಕೂತು ಗಂಭೀರವಾಗಿ ತಿರುಗುವುದನ್ನು ನೋಡಿ ಸಂತೆಯ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಅವರಿಗೆ ಆ ನಗುವಿನ ಕಡೆ ಲಕ್ಷ್ಯವೇ ಇರುತ್ತಿರಲಿಲ್ಲ. ಕಣ್ಣು ಮುಚ್ಚಿ ಮೋಟಾರಿನ ಸಪ್ಪಳ ಕೇಳುತ್ತಿದ್ದರು. ಎಲ್ಲಾದರೂ ಒಂದು ಎಳೆ ತಪ್ಪಿದರೆ ಕೈ ಎತ್ತುವರು. ಅಲ್ಲಿಗೆ ಆ ದಿನದ ಆಟ ಒಂದು ತಾಸು ತಡ.

ಬೋರ್ಡು ಅನ್ನುವುದು ಮೊದಲು ಬೇರೆ ಕಲ್ಲಿನದಿತ್ತಂತೆ. ಅದು ಒಡೆದ ಮೇಲೆ ಶಹಾಬಾದಿ ಪರಸಿಕಲ್ಲನ್ನು ನುಣ್ಣಗೆ ತಿಕ್ಕಿ, ತೂತು ಕೊರೆದು ಕೂರಿಸಿದ್ದರು. ಅದರ ಮೇಲೆ ಮುಳ್ಳಿನ ಮೀಟರು. ಮರದ ಹಿಡಿಯ ಮೇನ್ ಸ್ವಿಚ್ಚು; ಅದರ ಕತ್ತಿಯಂಥ ತಾಮ್ರದ ಪಟ್ಟಿ ಎದುರಿನ ಬಾಯಿಗೆ ಕಚ್ಚಿಕೊಳ್ಳುತ್ತಿತ್ತು, ಹಿಡಿ ಜಗ್ಗಿದರೆ ಕರೆಂಟು ಕಡಿಯುತ್ತಿತ್ತು. ಮೋಟಾರನ್ನು ಮೆಲ್ಲಗೆ ಎಬ್ಬಿಸುವ ಹಿತ್ತಾಳೆ ಗುಂಡಿಗಳ ಸ್ಟಾರ್ಟರು. ಮತ್ತು ಎರಡು ಸಣ್ಣ ಬಲ್ಬುಗಳು. ಆ ಬಲ್ಬುಗಳು ಬೆಳಕಿಗಾಗಿ ಇದ್ದವಲ್ಲ. ಎಲ್ಲ ಸರಿಯಿದ್ದರೆ ಎರಡೂ ಒಂದೇ ಸಮ, ಮಂದವಾಗಿ ಉರಿಯುತ್ತಿದ್ದವು. ಎಲ್ಲಾದರೂ ವಾಯರು ಬಿಚ್ಚಿ ಕರೆಂಟು ಕಬ್ಬಿಣಕ್ಕೆ ಹರಿದರೆ ಒಂದು ಕಪ್ಪಾಗಿ ಇನ್ನೊಂದು ಝಗ್ಗನೆ ಹೊಳೆಯುತ್ತಿತ್ತು. ಮಾವನವರು ಅವನ್ನು ಅಕ್ಕ-ತಂಗಿ ಅನ್ನುತ್ತಿದ್ದರು.

ಆಟ ನಡೆಯುವಾಗ ಆ ಬೋರ್ಡನ್ನು ಕಾಯುತ್ತಾ ಹಲವು ವರ್ಷ ಕೂತವರು ಅತ್ತೆ. ನಾನು ಬಂದ ವರ್ಷ ಅವರ ಕಣ್ಣಿಗೆ ಪೊರೆ ಬಂದಿತ್ತು. ಮೀಟರಿನ ಮುಳ್ಳು ಕಾಣುತ್ತಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು. ಮಾವನವರಿಗೆ ಗೊತ್ತಾದ ದಿನ ಅವರು ಬಯ್ಯಲಿಲ್ಲ, ಮುಖ ಬಿಳುಚಿಕೊಂಡು ಒಂದು ಕಟ್ಟೆಯ ಮೇಲೆ ಕೂತುಬಿಟ್ಟರು. "ಎಷ್ಟ್ ದಿನದಿಂದ?" ಎಂದರು.

"ದೀಪಾವಳಿಯಿಂದ," ಅಂದರು ಅತ್ತೆ.

ದೀಪಾವಳಿಯಿಂದ ಅಲ್ಲಿಯವರೆಗೆ ಎಷ್ಟು ಸಂತೆ, ಎಷ್ಟು ಮಕ್ಕಳು ಆ ಕುದುರೆ ಹತ್ತಿ ಇಳಿದಿದ್ದರು ಎಂದು ಅವರು ಲೆಕ್ಕ ಹಾಕುತ್ತಿದ್ದರೆಂದು ಕಾಣುತ್ತದೆ. ಆಮೇಲೆ ನಾನಿದ್ದ ಅಡುಗೆಮನೆಯ ಕಡೆ ನೋಡದೆ ಹೇಳಿದರು: "ಆಕಿ ಏಳನೆತ್ತೆ ತನಕ ಸಾಲಿ ಓದ್ಯಾಳ ಅಂತಲ್ಲ. ಅಂಕಿ ಬರ್ತಾವ. ಬೋರ್ಡಿನ ಮುಂದ ಕುಂದ್ರಲಿ."

ನನ್ನ ಗಂಡ ಶಹಾಬಾದಿನ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕಿದ್ದವರು, ವಾರಕ್ಕೊಮ್ಮೆ ಬರುವವರು. ಹೊಸ ಹೆಂಡತಿ ಸಂತೆಯಲ್ಲಿ ಕೂರುವುದು ಅವರಿಗೆ ಸರಿಬರಲಿಲ್ಲ. ಆದರೆ ತಂದೆಗೆ ಎದುರು ಹೇಳುವ ಮಗನಲ್ಲ. ಹೀಗೆ ನಾನು ಆ ಪರಸಿಯ ಮುಂದೆ ಬಂದು ಕೂತೆ. ಕಾಲ ಕೆಳಗೆ ಮರದ ಹಲಗೆ, ಹಲಗೆಯ ಮೇಲೆ ರಬ್ಬರು. "ಹಲಗಿ ಬಿಟ್ಟು ಕೆಳಗ ಕಾಲಿಡಬಾರ್ದು. ಬೋರ್ಡಿಗೆ ಎರಡೂ ಕೈ ಒಮ್ಮೆಲೇ ಹಚ್ಚಬಾರ್ದು. ಒಂದು ಕೈ ಬೆನ್ನ ಹಿಂದ ಇರ್ಲಿ ಅಂತ ಹೇಳು," ಎಂದು ಮಾವನವರು ಅತ್ತೆಗೆ ಹೇಳಿದರು. ಅತ್ತೆ ನನಗೆ ಹೇಳಿದರು.

ಮಾತಾಡುವಂತಿಲ್ಲವಲ್ಲ, ತೊಂದರೆ ಕಂಡರೆ ತಿಳಿಸುವುದು ಹೇಗೆ? ಅದಕ್ಕೂ ಅವರೇ ಒಂದು ದಾರಿ ಮಾಡಿದರು. ಒಂದು ಕಬ್ಬಿಣದ ಪಟ್ಟಿ ತೂಗುಹಾಕಿ, ನನ್ನ ಕೈಗೊಂದು ನಟ್ಟು ಬಿಗಿಯುವ ಪಾನಾ ಕೊಡಿಸಿದರು. ಮುಳ್ಳು ಹೆಚ್ಚು ಏರಿದರೆ ಒಂದು ಹೊಡೆತ. ಅಕ್ಕ-ತಂಗಿಯರಲ್ಲಿ ಒಬ್ಬಳ ಮುಖ ಕಪ್ಪಾದರೆ ಬಿಡದೆ ಹೊಡೆಯುವುದು, ಮತ್ತು ಮೇನ್ ಸ್ವಿಚ್ಚು ಎಳೆಯುವುದು.

ಮೊದಲ ಸಂಜೆ ಸೇಡಮ್ಮಿನಲ್ಲಿ ನಾನು ನಾಲ್ಕು ಸಲ ತೊಟ್ಟಿಲು ನಿಲ್ಲಿಸಿದೆ. ಒಮ್ಮೆಯೂ ಏನೂ ಆಗಿರಲಿಲ್ಲ. ಬಲ್ಬುಗಳನ್ನು ಕಣ್ಣು ಮಿಟುಕಿಸದೆ ನೋಡಿ ನೋಡಿ ಒಂದು ಕಪ್ಪಾದಂತೆ ಕಾಣುತ್ತಿತ್ತು, ಕೈ ಸ್ವಿಚ್ಚು ಎಳೆದುಬಿಡುತ್ತಿತ್ತು. ನಾಲ್ಕನೆಯ ಸಲ ಜನ ಸಿಟ್ಟಿಗೆದ್ದರು. "ಏನ್ ತೊಟ್ಲಪ್ಪಾ ಇದು, ನಿಂತಷ್ಟು ತಿರಗಂಗಿಲ್ಲ!" ಎಂದು ಒಬ್ಬ ಕೂಗಿದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಟ ಮುಗಿದ ಮೇಲೆ ಮಾವನವರು ನನಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಅತ್ತೆಗೆ ಹೇಳಿದರು:

"ಆಕಿಗಿ ಹೇಳು, ಇವತ್ತು ನಾಕು ಸಲ ಸುಮ್ಮಸುಮ್ಮನ ನಿಲ್ಲಿಸ್ಯಾಳ. ನಾಳಿಗಿ ಹತ್ತು ಸಲ ನಿಲ್ಲಸ್ಲಿ. ನಾ ಏನೂ ಅನ್ನಂಗಿಲ್ಲ. ಅಂಜಬ್ಯಾಡ ಅಂತ ಹೇಳಬ್ಯಾಡ ಆಕಿಗಿ. ಅಂಜಿಕಿ ಇಲ್ದವ್ರು ಕರೆಂಟಿನ ಹತ್ರ ಬರಬಾರ್ದು."

ತವರಲ್ಲೂ ಗಂಡನ ಮನೆಯಲ್ಲೂ ಎಲ್ಲರೂ ನನಗೆ "ಅಂಜಬುರಕಿ" ಅಂದವರೇ. ಅಂಜುವುದು ಒಂದು ಗುಣ ಅಂದವರು ಇವರೊಬ್ಬರೇ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಸುಲೇಪೇಟದ ಸಂತೆಗೆ ಹೋಗಿದ್ದೆವು. ಬೆಳಿಗ್ಗೆ ಅಕಾಲದ ಮಳೆ ಬಿದ್ದು ಮಧ್ಯಾಹ್ನಕ್ಕೆ ಬಿಸಿಲಾಯಿತು. ಕರಿಮಣ್ಣು ಕಾಲಿಗೆ ಮೆತ್ತುತ್ತಿತ್ತು. "ಇವತ್ತು ಬ್ಯಾಡ," ಅಂದರು ಮಾವನವರು. ಆದರೆ ಸುತ್ತಲ ಊರುಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು ಬಿಡಲಿಲ್ಲ. ಚಾಚಾ ಕೂಡ, "ಧೂಪ್ ಬಂದದ ಭಾಯ್, ಬಿಸಿಲಿಗೆ ಎಲ್ಲಾ ಒಣಗ್ತದ, ಒಂದೆರಡು ತಾಸು ನಡಸೋಣ," ಎಂದ. ಮಾವನವರು ನೆಲ ಮುಟ್ಟಿ ನೋಡಿದರು, ಕಂಬಕ್ಕೆ ಕೈಯ ಹಿಂಬದಿ ತಾಗಿಸಿ ನೋಡಿದರು, ಖಾಲಿ ತಿರುಗಿಸಿದರು, ತಾವು ಕೂತು ತಿರುಗಿದರು. ಎಲ್ಲ ಸರಿಯಿತ್ತು. ಆದರೂ ಅವರ ಮುಖ ಸರಿಯಿರಲಿಲ್ಲ.

ಹೊತ್ತು ಇಳಿಯುತ್ತಿದ್ದಾಗ ಒಂದು ಸುತ್ತು ಮುಗಿದು ತೊಟ್ಟಿಲು ನಿಂತಿತು, ಇಂಜಿನ್ನೂ ಕೊಡೆಯ ಬಲ್ಬುಗಳೂ ಚಾಲೂ ಇದ್ದವು. ಮಕ್ಕಳು ಇನ್ನೂ ಕುದುರೆಗಳ ಮೇಲೆಯೇ ಇದ್ದರು. ಮಂದಿಯನ್ನು ತಡೆಯಲು ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿರಲಿಲ್ಲ. ನಡುಕಂಬದ ಮೇಲೆ ಏನೋ ಕಿರುಗುಟ್ಟುತ್ತದೆಂದು ಮಾವನವರು ಎಣ್ಣೆಯ ಡಬ್ಬಿ ಹಿಡಿದು ಒಳಗೆ ಹೋದರು. ನಿಲ್ಲುವಾಗಿನ ಕೊನೆಯ ಜಗ್ಗಿಗೆ ಕೊಡೆಯೊಳಗೆ ಏನು ಸರಿಯಿತೋ. ನಾನು ನೋಡನೋಡುತ್ತಿದ್ದಂತೆ ಎಡಗಡೆಯ ಬಲ್ಬು ಕಪ್ಪಾಯಿತು. ಬಲಗಡೆಯದು ಕಣ್ಣು ಕುಕ್ಕುವಂತೆ ಉರಿಯಿತು.

ಈ ಸಲ ಭ್ರಮೆಯಲ್ಲ. ಮೇನ್ ಸ್ವಿಚ್ಚಿನ ಹಿಡಿ ಜಗ್ಗಿದೆ. ಮಳೆಗೆ ನೆನೆದಿದ್ದ ಮರದ ಹಿಡಿ ಕಿತ್ತು ನನ್ನ ಕೈಗೆ ಬಂತು. ತಾಮ್ರದ ಪಟ್ಟಿ ಕಚ್ಚಿಕೊಂಡಲ್ಲೇ ಇತ್ತು. ಅದನ್ನು ಮುಟ್ಟುವಂತಿರಲಿಲ್ಲ. ಪಾನಾ ತೆಗೆದುಕೊಂಡು ತೂಗುಹಾಕಿದ್ದ ಕಬ್ಬಿಣದ ಪಟ್ಟಿಗೆ ಹೊಡೆದೆ, ಹೊಡೆದೆ, ಹೊಡೆದೆ. ಇಂಜಿನ್ನಿನ ಧಡಧಡ, ಸಂತೆಯ ಗದ್ದಲ. ಮಾವನವರಿಗೆ ಕೇಳಿಸಲಿಲ್ಲ. ಅವರು ಬರಿಗಾಲಲ್ಲಿ ಹಸಿ ಮಣ್ಣಿನಲ್ಲಿ ನಿಂತು, ಆಧಾರಕ್ಕೆ ಕಂಬ ಹಿಡಿಯಲು ಕೈ ಚಾಚಿದ್ದರು.

"ಏ! ಕೈ ತಗೀ! ಮುಟ್ಟಬ್ಯಾಡ!"

ಅದು ನನ್ನ ದನಿಯೆಂದು ನನಗೇ ತಿಳಿಯಲಿಲ್ಲ. ಎತ್ತನ್ನು ಗದರಿಸುವ ಹಾಗೆ, ಬಾವಿಯ ಕಡೆ ಓಡುವ ಕೂಸನ್ನು ಕೂಗುವ ಹಾಗೆ. ಎರಡು ವರ್ಷದಲ್ಲಿ ನಾನು ಅವರಿಗೆ ಆಡಿದ ಮೊದಲ ಮಾತು ಅದು.

ಕಂಬಕ್ಕೂ ಅವರ ಕೈಗೂ ಗೇಣು ಅಂತರವಿತ್ತು. ಅವರು ನನ್ನ ಕಡೆ ತಿರುಗಲೂ ಇಲ್ಲ. ಮೊದಲು ಎರಡೂ ಕೈ ಮೇಲೆತ್ತಿದರು, ಆಮೇಲೆ ಬಲ್ಬುಗಳ ಕಡೆ ನೋಡಿದರು. ಮರುಕ್ಷಣ ಕೂಗಿದರು: "ಯಾರೂ ಇಳೀಬ್ಯಾಡ್ರಿ! ಕುಂತಲ್ಲೇ ಕುಂದ್ರಿ! ಹೊರಗಿನವ್ರು ಯಾರೂ ಮುಟ್ಟಬ್ಯಾಡ್ರಿ! ಚಾಚಾ, ಇಂಜಿನ್ ಬಂದ್ ಮಾಡು!"

ಕುದುರೆಯ ಮೇಲೆ ಕೂತಿರುವಷ್ಟು ಹೊತ್ತು ಮಕ್ಕಳಿಗೆ ಏನೂ ಆಗುವುದಿಲ್ಲ. ಸರಳು ಹಿಡಿದುಕೊಂಡೇ ಒಂದು ಕಾಲು ಹಸಿ ನೆಲಕ್ಕಿಟ್ಟರೆ ಮುಗಿಯಿತು. ಚಾಚಾ ಇಂಜಿನ್ನಿಗೆ ಹೋಗುವ ಎಣ್ಣೆ ಮುಚ್ಚಿದ. ಆದರೆ ಆ ಹಳೆಯ ಇಂಜಿನ್ನಿನ ಎರಡು ದೊಡ್ಡ ಗಾಲಿಗಳು ಹೇಳಿದ ಕೂಡಲೇ ನಿಲ್ಲುವಂಥವಲ್ಲ. ಅವು ತಿರುಗುತ್ತಲೇ ಇದ್ದವು, ಡೈನಮೋ ತಿರುಗುತ್ತಲೇ ಇತ್ತು, ಬಲಗಡೆಯ ಬಲ್ಬು ಉರಿಯುತ್ತಲೇ ಇತ್ತು. ಮಾವನವರು ಕೈ ಮೇಲೆತ್ತಿಕೊಂಡೇ ಒಳಗೆ ನಿಂತಿದ್ದರು. ಅವರ ಸುತ್ತ ಎಲ್ಲ ಕಡೆ ಕಬ್ಬಿಣವೇ. ಹೊರಗೆ ಬರುವಂತಿರಲಿಲ್ಲ. ಒಂದು ಸಣ್ಣ ಹುಡುಗಿ ಅಳಲು ಶುರುಮಾಡಿ ಕಾಲು ಇಳಿಬಿಟ್ಟಳು. ಅವರು ಆ ಮಗುವಿನ ಕಡೆ ನೋಡಿ, "ಕಾಲು ಮ್ಯಾಲ ತಗೋ ನನ್ನವ್ವಾ. ಕುದರಿ ಇನ್ನೂ ನಿಂತಿಲ್ಲ. ಬೀಳ್ತಿ ನೋಡು," ಅಂದರು. ಕುದುರೆ ನಿಂತೇ ಇತ್ತು. ಹುಡುಗಿ ಅಳು ನಿಲ್ಲಿಸಿ, ಕೆಳಗೆ ನೋಡಿ, ಕಾಲು ಎಳೆದುಕೊಂಡಳು.

ಆ ಹುಡುಗಿಯ ತಾಯಿ ಹಗ್ಗದಡಿ ನುಗ್ಗಿ ಓಡಿದಳು. ಟಿಕೇಟಿನ ಮೇಜಿನ ಬಳಿ ಕೂತಿದ್ದ ಅತ್ತೆಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಕಾಲಿನ ಸಪ್ಪಳದ ಮೇಲೆಯೇ ಎದ್ದು ಅಡ್ಡ ಹಾಯ್ದು, ಆ ಹೆಂಗಸನ್ನು ಸೊಂಟಕ್ಕೆ ತಬ್ಬಿ ಕೆಸರಿನಲ್ಲಿ ಬಿದ್ದರು. ಅವಳು ಗುದ್ದಿದಳು, ಕಿರುಚಿದಳು. ಅತ್ತೆ ಬಿಡಲಿಲ್ಲ.

ನಾನು ಮಾಡುವುದೇನೂ ಉಳಿದಿರಲಿಲ್ಲ. ಕಿತ್ತ ಹಿಡಿಯನ್ನು ಕೈಯಲ್ಲಿ ಹಿಡಿದು ಮುಳ್ಳು ನೋಡುತ್ತಾ ಕೂತಿದ್ದೆ. ಬಲ್ಬು ಕೆಂಪಾಯಿತು. ಇನ್ನೂ ಕೆಂಪಾಯಿತು. ಗಾಲಿಗಳು ಒಂದೊಂದಾಗಿ ಉಸಿರೆಳೆಯುವಂತೆ ನಿಧಾನವಾದವು. ಎಷ್ಟು ಹೊತ್ತಾಯಿತೋ ಹೇಳಲಾರೆ. ಒಂದು ನಿಮಿಷವಿರಬಹುದು. ಬಲ್ಬು ಆರಿತು, ಮುಳ್ಳು ಸೊನ್ನೆಗೆ ಬಿತ್ತು, ಸಂತೆಯಲ್ಲಿ ಎಲ್ಲೋ ಒಂದು ಆಡು ಕೂಗುವುದು ಕೇಳಿಸಿತು. ಚಾಚಾ ನನ್ನ ಕಡೆ ನೋಡಿ, "ಬಸ್ ಬೇಟಿ, ಆಯ್ತು," ಅಂದ. ಮಾವನವರು ಕೈ ಇಳಿಸಿ, ಒಂದೊಂದೇ ಮಗುವನ್ನು ತಾವೇ ಎತ್ತಿ ಇಳಿಸಿದರು. ಕೊನೆಯ ಮಗು ಇಳಿದ ಮೇಲೆ ಕೊಡೆಯ ಕೆಳಗೆ ಕೂತು ವಾಂತಿ ಮಾಡಿಕೊಂಡರು. ಹೊಟ್ಟೆಯಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ಆಮೇಲೆ ನೋಡಿದರೆ, ನೂಲು ಸುತ್ತಿದ ಹಳೆಯ ವಾಯರು ತಗಡಿನ ಒಂದು ಮೊಳೆಗೆ ತಿಕ್ಕಿ ತಿಕ್ಕಿ ಬಿಚ್ಚಿಹೋಗಿತ್ತು. ಕಡಲೆಕಾಳಿನಷ್ಟು ಜಾಗ.

ಸಂತೆಯಲ್ಲಿದ್ದ ನಮ್ಮ ಸಂಬಂಧಿಯೊಬ್ಬರು ಉಳಿದದ್ದನ್ನೆಲ್ಲ ಬಿಟ್ಟು ಒಂದೇ ಸುದ್ದಿ ಹೊತ್ತು ಊರೂರಿಗೆ ಮುಟ್ಟಿಸಿದರು: ಇಂಥವರ ಸೊಸೆ ಸಂತೆಯ ನಡುವೆ ಮಾವನಿಗೆ ಏಕವಚನದಲ್ಲಿ ಗದರಿದಳು. ನಾನು ಮೂರು ದಿನ ಯಾರಿಗೂ ಮುಖ ತೋರಿಸಲಿಲ್ಲ. ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ರಜೆಗೆ ಬಂದ ಗಂಡ ಅಡುಗೆಮನೆಯಲ್ಲಿ ನಿಂತು, "ನಮ್ಮಪ್ಪಗ 'ಏ' ಅಂದೇನು? ಏನ್ ತಿಳಕೊಂಡಿ?" ಎಂದು ಕೂಗಾಡಿದರು. ಹೊರಗಿನ ಕಟ್ಟೆಯ ಮೇಲಿದ್ದ ಮಾವನವರು ಒಳಗೆ ಬಂದು ಹೊಸ್ತಿಲಲ್ಲಿ ನಿಂತರು.

"ಆಕಿ 'ಮಾವನೋರೆ, ತಪ್ಪು ತಿಳ್ಕೋಬ್ಯಾಡ್ರಿ, ಕೈ ತಗೀರಿ' ಅಂತ ಮರ್ಯಾದಿ ಹಚ್ಚಿ ಹೇಳೋದ್ರಾಗ ನೀ ನನಗ ಹೆಗಲ ಕೊಟ್ಟು ಹೊತ್ಕೊಂಡ್ ಹೋಗ್ತಿದ್ದಿ," ಅಂದರು. "ಕರೆಂಟಿಗೆ ಸಂಬಂಧ ತಿಳ್ಯಂಗಿಲ್ಲಪ್ಪಾ."

ಗಂಡ ಮತ್ತೆ ಆ ಮಾತೆತ್ತಲಿಲ್ಲ.

ಮರುವಾರ ಚಿಂಚೋಳಿಯಲ್ಲಿ ತೊಟ್ಟಿಲು ಹೂಡಿದರು. ವಾಯರೆಲ್ಲ ಬಿಚ್ಚಿ ಹೊಸದು ಎಳೆದಿದ್ದರು, ಸ್ವಿಚ್ಚಿಗೆ ಜಾಲಿಮರದ ಹೊಸ ಹಿಡಿ ಕೂರಿಸಿದ್ದರು. ನಾನು ದೂರದಲ್ಲೇ ಸೆರಗು ಹೊದ್ದು ನಿಂತಿದ್ದೆ. ಬೋರ್ಡಿನ ಮುಂದಿನ ಹಲಗೆ ಒರೆಸುತ್ತಿದ್ದ ಮಾವನವರು ತಲೆಯೆತ್ತಿ, ಅತ್ತೆಯ ಕಡೆ ನೋಡದೆ, ನನ್ನನ್ನೇ ನೋಡಿ ಹೇಳಿದರು: "ಇಲ್ಲಿ ಬಾ ಯವ್ವಾ. ಈ ಹಲಗಿ ಮ್ಯಾಲ ನಾ ಮಾವ ಅಲ್ಲ, ನೀ ಸೊಸಿ ಅಲ್ಲ. ಕಂಡದ್ದು ಕಂಡಂಗ ಬಾಯಿ ಬಿಟ್ಟು ಹೇಳ್ಬೇಕು."

"ಹೂಂ ರಿ," ಅಂದೆ. ಪಾನಾ, ಕಬ್ಬಿಣದ ಪಟ್ಟಿ ಎರಡನ್ನೂ ಅವರು ತೆಗೆದುಹಾಕಿದ್ದರು.

ಅಂದಿನಿಂದ ನಮಗೆ ಎರಡು ಬಾಳು. ಮನೆಯಲ್ಲಿ ಹಿಂದಿನ ಹಾಗೆಯೇ ಗೋಡೆ, ಸೆರಗು, ಅತ್ತೆಯ ಮೂಲಕ ನೀರಿನ ತಂಬಿಗೆ. ಅದನ್ನು ಇಬ್ಬರೂ ಮೀರಲಿಲ್ಲ. ಬೋರ್ಡಿನ ಮುಂದೆ ಮಾತ್ರ ಮಾತಿಗೆ ಮಾತು. ಸ್ಟಾರ್ಟರಿನ ಕೈಯನ್ನು ಒಂದು ಗುಂಡಿಯಿಂದ ಇನ್ನೊಂದಕ್ಕೆ ಎಷ್ಟು ತಡೆದು ಸರಿಸಬೇಕು, ಮೋಟಾರಿನ ಕಾರ್ಬನ್ನು ಸವೆದರೆ ಯಾವ ವಾಸನೆ ಬರುತ್ತದೆ, ಎಲ್ಲ ಕಲಿಸಿದರು. ತೆಂಗಳಿಯಲ್ಲಿ ಈ ಸಲ ತೊಗರಿ ಹೇಗಿದೆ, ನಮ್ಮಪ್ಪನ ಮೊಣಕಾಲು ನೋವು ಹೇಗಿದೆ ಎಂದೂ ಅಲ್ಲಿಯೇ ಕೇಳುತ್ತಿದ್ದರು. ಬೆರಳಿನ ವಿಷಯ ನಾನು ಒಮ್ಮೆ ಕೇಳಿದೆ. "ಜಿನ್ನಿನಾಗ. ಒಬ್ಬಾವ ಹೋದ, ನನ್ನವು ಬರೇ ಎರಡು ಬೆರಳು," ಎಂದಷ್ಟೇ ಹೇಳಿ ಮೀಟರಿನ ಗಾಜು ಒರೆಸತೊಡಗಿದರು. ಮತ್ತೆ ಕೇಳಲಿಲ್ಲ.

ಮಕ್ಕಳು ಹುಟ್ಟಿದ ಮೇಲೂ ನಾನು ಆ ಹಲಗೆ ಬಿಡಲಿಲ್ಲ. ಹತ್ತು-ಹನ್ನೆರಡು ವರ್ಷ ಹೀಗೆ ನಡೆಯಿತು. ರಾಜ್ಯದ ಹೆಸರು ಕರ್ನಾಟಕವಾಯಿತು, ಊರೂರಿಗೆ ಕಂಬ ಬಂದವು, ಹೊಸ ಬಗೆಯ ದೊಡ್ಡ ತೊಟ್ಟಿಲುಗಳು ಬಂದವು. ನಮ್ಮದು ನಿಂತದ್ದು ಮಾತ್ರ ಅದಕ್ಕಲ್ಲ. ಶಹಾಬಾದಿನಲ್ಲಿ ಒಂದು ಬೆಳಿಗ್ಗೆ ಮಾವನವರು ಎಂದಿನಂತೆ ಎರಡನೆಯ ಸುತ್ತಿಗೆ ತಾವು ಕೂತು ತಿರುಗಿದರು. ನಾನು ಸ್ಟಾರ್ಟರಿನ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದೆ. ಕೈ ಎತ್ತಿದರು. ನಿಲ್ಲಿಸಿದೆ. ಇಳಿದು ಬಂದು, "ನಿನಗೇನಾರ ಕೇಳಿಸ್ತೇನು?" ಎಂದರು.

"ಒಂದೀಟು ಕರಕರ ಅಂತದ್ರಿ, ಮೋಟಾರಿನ ಕಡಿಂದ. ಆಗಿಂದ ಅಂತಿತ್ತು."

"ನನಗ ಕೇಳಸಲಿಲ್ಲ," ಅಂದರು. ತಿರುಗಿ ಹತ್ತಿರದ ಕುದುರೆಯ ಕುತ್ತಿಗೆ ಸವರಿದರು. "ಏನೂ ಕೇಳಸಲಿಲ್ಲ ಅಂತ ಕೈ ಎತ್ತಿದೆ. ಕಿವಿ ಮಂದ ಆಗ್ಯಾವ. ಮುಗೀತು ಯವ್ವಾ. ಬಿಚ್ಚೋಣ."

ಚಾಚಾ ಗೋಗರೆದ, ನನ್ನ ಗಂಡ ಬೇರೆಯವರನ್ನಿಟ್ಟು ನಡೆಸೋಣವೆಂದರು. ನಾನೇ ನಡೆಸುತ್ತೇನೆಂದೂ ಹೇಳಿದೆ. "ನಿನಗ ಬರ್ತದ. ಆದ್ರ ಸಾಮಾನು ಮುದಿ ಆಗ್ಯಾವ, ನನ್ನಂಗ. ನೀ ಎಷ್ಟು ಅಂಜಿದ್ರೂ ಸಾಲಂಗಿಲ್ಲ," ಅಂದರು. ಅಂದೇ ಕುದುರೆಗಳನ್ನು ಇಳಿಸಿದರು. ಅಷ್ಟು ವರ್ಷದಲ್ಲಿ ಆ ತೊಟ್ಟಿಲ ಮೇಲೆ ಒಂದು ಮಗುವಿಗೂ ಗಾಯವಾಗಿರಲಿಲ್ಲ. ಅದನ್ನು ಯಾರೂ ಹೊಗಳಲಿಲ್ಲ. ಆಗದೇ ಇದ್ದದ್ದು ಯಾರ ಕಣ್ಣಿಗೆ ಕಾಣುತ್ತದೆ?

ಮನೆಗೆ ಬಂದ ಮೇಲೆ ಹಲಗೆ ಇಲ್ಲವಾಯಿತು. ಹಲಗೆ ಇಲ್ಲವೆಂದ ಮೇಲೆ ಮಾತೂ ಇಲ್ಲ. ಎರಡು ವರ್ಷ ಅವರು ಕಟ್ಟೆಯ ಮೇಲೆ ಕೂತರು, ನಾನು ಸೆರಗು ಹೊದ್ದು ಆಚೀಚೆ ಓಡಾಡಿದೆ.

ಮೂರನೆಯ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಉಸಿರು ಎದೆಯಲ್ಲೇ ಸಿಕ್ಕಿಕೊಳ್ಳತೊಡಗಿತು. ಡಾಕ್ಟರು ಬಂದು ನೋಡಿ, ನನ್ನ ಗಂಡನನ್ನು ಹೊರಗೆ ಕರೆದು ಮಾತಾಡಿ ಹೋದರು. ನಾನು ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದೆ. ಅತ್ತೆ ಗೋಡೆ ಹಿಡಿದುಕೊಂಡು ಬಂದರು. "ನಿನಗ ಕರೀಲಿಕತ್ತಾರ," ಅಂದರು.

ಹೋಗಿ ಬಾಗಿಲಲ್ಲಿ, ರೂಢಿಯಂತೆ, ಗೋಡೆಗೆ ಸರಿದು ನಿಂತೆ.

"ಒಳಗ ಬಾ. ಕುಂದ್ರು."

ಆ ಮನೆಯೊಳಗೆ ಅವರು ನನ್ನೊಡನೆ ಆಡಿದ ಮೊದಲ ಮಾತು. ಹಾಸಿಗೆಯ ಹತ್ತಿರ ನೆಲದ ಮೇಲೆ ಕೂತೆ. ಅವರು ನನ್ನ ಮುಖ ನೋಡುತ್ತಿದ್ದರು. ಸೆರಗು ಜಾರಿತ್ತು, ನಾನು ಸರಿಮಾಡಿಕೊಳ್ಳಲಿಲ್ಲ.

"ಅಂಜಿಕಿ ಆಗಾಕತ್ತದೇನು?" ಎಂದು ಕೇಳಿದರು.

ಇಲ್ಲ ಅನ್ನಬಹುದಿತ್ತು. ಅವರ ಮುಂದೆ ಆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ ರಿ, ಭಾಳ," ಅಂದೆ.

"ನನಗೂ," ಅಂದರು. "ಎದ್ದು ಹೋಗಬ್ಯಾಡ. ಇಲ್ಲೇ ಕುಂದ್ರು."

ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಅತ್ತೆ ತಡವರಿಸುತ್ತಾ ಒಲೆಯ ಕಡೆ ಹೋದರು. ನಾನು ಏಳಲಿಲ್ಲ. ಆ ಮಧ್ಯಾಹ್ನ, ನಾನು ಅಲ್ಲಿಯೇ ಕೂತಿರುವಾಗಲೇ, ಅವರು ತಮ್ಮ ಹಾಸಿಗೆಯ ಮೇಲೆಯೇ ತೀರಿಕೊಂಡರು.